ಮುಕ್ತಿನಾಥಕ್ಕೆ ಹೊರಟಿದ್ದೀರಾ? ‘ಇನ್ಶೂರೆನ್ಸ್ ಪ್ಯಾಕೇಜ್‌ನಲ್ಲೇ ಇದೆ’ ಅಂದರೆ ಪಾಲಿಸಿ ತೋರಿಸಿ ಅನ್ನಿ

ನೇಪಾಳ ಯಾತ್ರೆಗೆ ಹೆಸರು ಕೊಟ್ಟಿರುವವರು, ಅಪ್ಪ ಅಮ್ಮನನ್ನು ಪಶುಪತಿನಾಥ, ಮುಕ್ತಿನಾಥ ಅಂತ ಕಳಿಸಲು ಹೊರಟಿರುವವರು ದಯವಿಟ್ಟು ಇದನ್ನು ಪೂರ್ತಿ ಓದಿ. ನೇಪಾಳಕ್ಕೆ ನಮಗೆ ವೀಸಾ ಬೇಡ. ಪಾಸ್‌ಪೋರ್ಟ್ ಇಲ್ಲದಿದ್ದರೆ ವೋಟರ್ ಐಡಿ ಸಾಕು. ಯೂರೋಪಿಗೆ ಹೋಗುವವರು ಷೆಂಗೆನ್ ವೀಸಾ ಅರ್ಜಿಯ ಜೊತೆ ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯ ಕಾಗದ ಇಡಲೇಬೇಕು, ಹಾಗಾಗಿ ಅವರಿಗೆ ಮರೆಯಲು ಅವಕಾಶವೇ ಇಲ್ಲ. ನೇಪಾಳಕ್ಕೆ ಹೊರಟವರನ್ನು ಮಾತ್ರ ಯಾರೂ ಕೇಳುವುದಿಲ್ಲ. ಯಾರೂ ಕೇಳುವುದಿಲ್ಲವೆಂದು ನಮ್ಮವರಲ್ಲಿ ಬಹಳ ಮಂದಿ ಮಾಡಿಸುವುದೂ ಇಲ್ಲ. ಕಾಶಿಗೋ ಬದರಿಗೋ ಹೋಗಿಬಂದ ಹಾಗೆ ಹೋಗಿಬರುತ್ತೇವೆ ಎಂಬ ಭಾವನೆ.

ನಮ್ಮ ಚಿಕ್ಕಪ್ಪ ನಿವೃತ್ತ ಹೈಸ್ಕೂಲ್ ಮೇಷ್ಟ್ರು. ಬಿಪಿಗೆ ದಿನಾ ಒಂದು ಮಾತ್ರೆ ತೆಗೆದುಕೊಳ್ಳುತ್ತಾರೆ, ಅದು ಬಿಟ್ಟರೆ ಗಟ್ಟಿಮುಟ್ಟಾದ ಮನುಷ್ಯ. ಗಂಡಕಿ ತೀರದಲ್ಲಿ ತಾತನ ಕಾರ್ಯ ಮಾಡಿ ಮುಕ್ತಿನಾಥನ ದರ್ಶನ ಪಡೆಯಬೇಕು ಎನ್ನುವುದು ಅವರ ಬಹಳ ವರ್ಷದ ಆಸೆ. ಮೈಸೂರಿನ ಒಬ್ಬ ಟೂರ್‌ನವರ ಮೂಲಕ ಚಿಕ್ಕಪ್ಪ, ಚಿಕ್ಕಮ್ಮ, ನಾನು ಒಂದು ಗುಂಪಿನ ಜೊತೆ ಹೊರಟೆವು. ಹಣ ಕಟ್ಟುವ ದಿನವೇ ಚಿಕ್ಕಮ್ಮ ಕೇಳಿದ್ದರು, “ಇನ್ಶೂರೆನ್ಸ್ ಬೇರೆ ಮಾಡಿಸಬೇಕಾ?” ಅಂತ. “ಬೇಡ ಮೇಡಂ, ಪ್ಯಾಕೇಜ್‌ನಲ್ಲೇ ಸೇರಿದೆ, ನಿಶ್ಚಿಂತೆಯಿಂದ ಬನ್ನಿ” ಎಂದರು. ಕರಪತ್ರದಲ್ಲೂ ದಪ್ಪ ಅಕ್ಷರದಲ್ಲಿ ಹಾಗೇ ಅಚ್ಚಾಗಿತ್ತು.

ಈಗ ಎತ್ತರದ ವಿಷಯ ಹೇಳಬೇಕು, ಏಕೆಂದರೆ ಆದದ್ದೆಲ್ಲ ಅದರಿಂದಲೇ. ಪೋಖರಾ ಹೆಚ್ಚುಕಡಿಮೆ ನಮ್ಮ ಮೈಸೂರಿನಷ್ಟೇ ಎತ್ತರದ ಊರು, ಸುಮಾರು 800 ಮೀಟರ್. ಅಲ್ಲಿಂದ ಬೇನಿ, ತಾತೋಪಾನಿ ದಾರಿಯಾಗಿ ಜೀಪಿನಲ್ಲಿ ಒಂದೇ ದಿನಕ್ಕೆ ಜೋಮ್‌ಸೋಮ್ ಮುಟ್ಟಿದರೆ ಸುಮಾರು 2,700 ಮೀಟರ್. ಮರುದಿನ ಮುಕ್ತಿನಾಥ, 3,700 ಮೀಟರ್‌ಗೂ ಮೇಲೆ. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿಗೆ ಹೋಲಿಸಿದರೆ ಹತ್ತಿರಹತ್ತಿರ ಎರಡರಷ್ಟು. 2,500 ಮೀಟರ್ ದಾಟಿದ ಮೇಲೆ ಯಾರಿಗೆ ಬೇಕಾದರೂ ಎತ್ತರದ ಕಾಯಿಲೆ ಬರಬಹುದು. ವಯಸ್ಸು, ವ್ಯಾಯಾಮ, ದೇಹದಾರ್ಢ್ಯ ಯಾವುದೂ ರಕ್ಷಣೆಯಲ್ಲ. 3,000 ಮೀಟರ್ ಮೇಲೆ ರಾತ್ರಿ ಮಲಗುವ ಜಾಗವನ್ನು ದಿನಕ್ಕೆ 500 ಮೀಟರ್‌ಗಿಂತ ಹೆಚ್ಚು ಏರಿಸಬಾರದು ಎಂದು ವೈದ್ಯರು ಹೇಳುತ್ತಾರೆ. ಬಹಳಷ್ಟು ಯಾತ್ರಾ ಪ್ಯಾಕೇಜ್‌ಗಳಲ್ಲಿ ಅಷ್ಟು ಬಿಡುವು ಇರುವುದೇ ಇಲ್ಲ. ನಮ್ಮದರಲ್ಲೂ ಇರಲಿಲ್ಲ.

ದಾರಿಯಲ್ಲಿ ಗಂಡಕಿ ತೀರದ ಕಾಗ್‌ಬೇನಿಯಲ್ಲಿ ಪಿತೃಕಾರ್ಯ ಮುಗಿಯುವ ತನಕ ಚಿಕ್ಕಪ್ಪ ಉಪವಾಸ. ತಲೆನೋವು ಅಂದರು. ಹೊಟ್ಟೆ ಖಾಲಿ ಇದೆ, ಜೀಪಿನ ಕುಲುಕಾಟ ಬೇರೆ, ಅದಕ್ಕೇ ಅಂತ ಗುಂಪಿನವರೆಲ್ಲ ಹೇಳಿದರು. ಮಧ್ಯಾಹ್ನ ಕುದುರೆ ಮೇಲೆ ದೇವಸ್ಥಾನಕ್ಕೆ ಹೋಗಿ, 108 ಧಾರೆಗಳ ಕೆಳಗೆ ಆ ಕೊರೆಯುವ ನೀರಿಗೆ ತಲೆಯೊಡ್ಡಿ ಬಂದರು. ಬಹಳ ಸಂತೋಷವಾಗಿದ್ದರು. ರಾತ್ರಿ ಅಲ್ಲೇ ರಾಣಿಪೌವಾದ ಲಾಡ್ಜಿನಲ್ಲಿ ವಾಸ್ತವ್ಯ. ನಡುರಾತ್ರಿ ಚಿಕ್ಕಮ್ಮ ಬಂದು ಬಾಗಿಲು ಬಡಿದರು. ಚಿಕ್ಕಪ್ಪನಿಗೆ ಮಲಗಲು ಆಗುತ್ತಿಲ್ಲ, ಕೂತೇ ಏದುಸಿರು ಬಿಡುತ್ತಿದ್ದಾರೆ, ಎದೆಯಲ್ಲಿ ಗೊರಗೊರ ಸದ್ದು, ತುಟಿ ನೀಲಿ. ಆ ಕತ್ತಲಲ್ಲೇ ಜೀಪ್ ಮಾಡಿಕೊಂಡು ಜೋಮ್‌ಸೋಮ್‌ಗೆ ಇಳಿದೆವು.

ಅಲ್ಲಿನ ಡಾಕ್ಟರ್ ತಕ್ಷಣ ಆಮ್ಲಜನಕ ಹಾಕಿದರು. ಶ್ವಾಸಕೋಶದಲ್ಲಿ ನೀರು ತುಂಬಿಕೊಂಡಿದೆ, ಎತ್ತರದಿಂದ ಆಗಿರುವುದು, ಇದಕ್ಕೆ ಮೊದಲ ಔಷಧಿಯೇ ಕೆಳಗಿಳಿಸುವುದು, ಇಲ್ಲಿಯ ಎತ್ತರವೂ ಇವರಿಗೆ ಹೆಚ್ಚಾಯಿತು, ಪೋಖರಾಕ್ಕೆ ಕರೆದುಕೊಂಡು ಹೋಗಿ ಎಂದರು. ಕೆಳಗಿನ ರಸ್ತೆಯಲ್ಲಿ ಗುಡ್ಡ ಜರಿದು ವಾಹನಗಳು ನಿಂತಿದ್ದವು. ಬೆಳಗಿನ ಸಣ್ಣ ವಿಮಾನದವರು ಸಿಲಿಂಡರ್ ಹಾಕಿಕೊಂಡ ರೋಗಿಯನ್ನು ಹತ್ತಿಸಿಕೊಳ್ಳಲು ಒಪ್ಪಲಿಲ್ಲ. ಉಳಿದದ್ದು ಹೆಲಿಕಾಪ್ಟರ್ ಒಂದೇ.

ಜೋಮ್‌ಸೋಮ್‌ನ ಗಾಳಿಯ ಬಗ್ಗೆ ಯಾತ್ರೆಗೆ ಹೋಗುವವರೆಲ್ಲ ತಿಳಿದಿರಬೇಕು. ಕಾಳಿ ಗಂಡಕಿಯ ಆ ಕಣಿವೆಯಲ್ಲಿ ಬಿಸಿಲೇರುತ್ತಿದ್ದಂತೆ ಗಾಳಿ ಏಳುತ್ತದೆ, ಮಧ್ಯಾಹ್ನದ ಹೊತ್ತಿಗೆ ನಿಲ್ಲಲೂ ಬಿಡದಷ್ಟು ಜೋರು. ವಿಮಾನಗಳೆಲ್ಲ ಬೆಳಗ್ಗೆಯೇ ಹಾರಾಟ ಮುಗಿಸುತ್ತವೆ. ಹೆಲಿಕಾಪ್ಟರ್ ಬರುವುದಿದ್ದರೆ ಬೆಳಗ್ಗೆಯೇ ಬರಬೇಕು. ತಪ್ಪಿದರೆ ಮರುದಿನ ಬೆಳಗ್ಗೆ.

ಹೆಲಿಕಾಪ್ಟರ್ ಕಂಪನಿಯವರು ಫೋನಿನಲ್ಲಿ ಮೊದಲು ಕೇಳಿದ್ದು ರೋಗಿಯ ಸ್ಥಿತಿ, ಎರಡನೆಯದು ಇನ್ಶೂರೆನ್ಸ್. ಇದೆ ಎಂದೆವು. ಹಾಗಾದರೆ ಹಣ ಕೊಡುತ್ತೇವೆಂದು ವಿಮಾ ಕಂಪನಿಯಿಂದ ಗ್ಯಾರಂಟಿ ಪತ್ರ ತರಿಸಿ, ಇಲ್ಲವೇ ಹಣ ಕಟ್ಟಿ, ಆಮೇಲೆ ಹೊರಡುತ್ತೇವೆ ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅಲ್ಲಿನ ಪದ್ಧತಿಯೇ ಅದು. ಟೂರ್‌ನವರಿಗೆ ಮೈಸೂರಿಗೆ ಫೋನ್ ಮಾಡಿದರೆ ಎಷ್ಟೋ ಹೊತ್ತು ಎತ್ತಲೇ ಇಲ್ಲ. ಎತ್ತಿದ ಮೇಲೆ ವಾಟ್ಸಾಪ್‌ನಲ್ಲಿ ಪಾಲಿಸಿ ಕಳಿಸಿದರು. ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಓದಿದೆ.

ಅದು ವೈಯಕ್ತಿಕ ಅಪಘಾತ ವಿಮೆ. ಅಪಘಾತದಲ್ಲಿ ಸತ್ತರೆ ಇಷ್ಟು, ಕೈಕಾಲು ಕಣ್ಣು ಹೋದರೆ ಇಷ್ಟು. ಕಾಯಿಲೆಯ ಮಾತೇ ಇಲ್ಲ, ಆಸ್ಪತ್ರೆ ಖರ್ಚಿಲ್ಲ, ಹೆಲಿಕಾಪ್ಟರ್ ಇಲ್ಲ, ರಾತ್ರಿ ಫೋನ್ ಮಾಡಿದರೆ ಎತ್ತುವ ಸಹಾಯವಾಣಿಯೂ ಇಲ್ಲ. ರೈಲು ಟಿಕೆಟ್ ಆನ್‌ಲೈನ್‌ನಲ್ಲಿ ಮಾಡಿಸುವಾಗ 45 ಪೈಸೆಗೆ ಒಂದು ವಿಮೆ ಸಿಗುತ್ತದಲ್ಲ, ಅದು ರೈಲು ಅಪಘಾತಕ್ಕೆ ಮಾತ್ರ, ದಾರಿಯಲ್ಲಿ ಜ್ವರ ಬಂದರೆ ಅಲ್ಲ. ಇದೂ ಅದೇ ಜಾತಿಯದು. ಶ್ವಾಸಕೋಶದಲ್ಲಿ ನೀರು ತುಂಬಿಕೊಳ್ಳುವುದು ಕಾಯಿಲೆ, ಅಪಘಾತ ಅಲ್ಲ. ಟೂರ್‌ನವರಿಗೆ ಇದು ಗೊತ್ತಿತ್ತು. ಗೊತ್ತಿದ್ದೂ ಅರವತ್ತು ದಾಟಿದವರ ಗುಂಪನ್ನು 3,700 ಮೀಟರ್‌ಗೆ ಕರೆದುಕೊಂಡು ಹೋಗುತ್ತ, “ನಿಶ್ಚಿಂತೆಯಿಂದ ಬನ್ನಿ” ಎಂದಿದ್ದರು. ಇದನ್ನು ನಾನು ಕ್ಷಮಿಸಲಾರೆ.

ಹೆಲಿಕಾಪ್ಟರ್‌ಗೆ ಹೇಳಿದ ಮೊತ್ತ ಎರಡು ಲಕ್ಷ ರೂಪಾಯಿಗೂ ಮೇಲೆ. ಊರಲ್ಲಾಗಿದ್ದರೆ ಹತ್ತು ನಿಮಿಷದಲ್ಲಿ ನಾಲ್ಕು ಜನರಿಂದ ಹೊಂದಿಸಬಹುದಾದ ಹಣ. ಅಲ್ಲಿ ಆಗಲಿಲ್ಲ. 2020ರಿಂದ ಈಚೆಗೆ ಕೊಡುವ ಕಾರ್ಡ್‌ಗಳಲ್ಲಿ ವಿದೇಶಿ ವಹಿವಾಟು ಮೊದಲಿಗೆ ಬಂದ್ ಆಗಿಯೇ ಇರುತ್ತದೆ, ನಾವೇ ಆನ್ ಮಾಡಿಕೊಳ್ಳಬೇಕು. ಆನ್ ಮಾಡಲು ಓಟಿಪಿ ಬೇಕು, ಚಿಕ್ಕಪ್ಪನ ಸಿಮ್‌ಗೆ ರೋಮಿಂಗ್ ಇಲ್ಲ. ಕೊನೆಗೆ ನಾವು ಪೋಖರಾದಲ್ಲಿ ಇಳಿದುಕೊಂಡಿದ್ದ ಹೋಟೆಲಿನ ಯಜಮಾನರು ಹೆಲಿಕಾಪ್ಟರ್ ಕಂಪನಿಗೆ ಜಾಮೀನು ನಿಂತರು. ಪರಿಚಯವಾಗಿ ಕೆಲವೇ ದಿನವಾಗಿದ್ದ ಮನುಷ್ಯ. ಅಷ್ಟೊತ್ತಿಗೆ ಆಸ್ಪತ್ರೆಯ ಅಂಗಳದಲ್ಲಿ ಧೂಳು ಏಳಲು ಶುರುವಾಗಿತ್ತು. ಹೆಲಿಕಾಪ್ಟರ್ ಬಂತು, ಎಂಜಿನ್ ನಿಲ್ಲಿಸದೆಯೇ ಚಿಕ್ಕಪ್ಪನನ್ನು ಏರಿಸಿಕೊಂಡು ಹೋಯಿತು. ಚಿಕ್ಕಪ್ಪ ಬದುಕಿದರು.

ಪೋಖರಾದಲ್ಲಿ ಐಸಿಯು, ಮುಂಗಡ ಕಟ್ಟಿದ ಮೇಲೆ ದಾಖಲಾತಿ. ಅವರ ಮಗನ ಆಫೀಸಿನ ಮೆಡಿಕ್ಲೇಮ್‌ನಲ್ಲಿ ಅಪ್ಪ ಅಮ್ಮನ ಹೆಸರೂ ಇತ್ತು. ಕೇಳಿದರೆ ಚಿಕಿತ್ಸೆ ಭಾರತದೊಳಗೆ ನಡೆದಿದ್ದರೆ ಮಾತ್ರ ಎಂದರು. ನಮ್ಮ ದೇಶದ ಸಾಮಾನ್ಯ ಆರೋಗ್ಯ ವಿಮೆಗಳಲ್ಲಿ ಹೆಚ್ಚಿನವು ಹೀಗೇ. ಎಪ್ಪತ್ತು ದಾಟಿದವರಿಗೆ ಸಿಗುವ ಆಯುಷ್ಮಾನ್ ಕಾರ್ಡ್ ಕೂಡ ಗಡಿಯಾಚೆ ನಡೆಯುವುದಿಲ್ಲ. ಹಿಂದಿರುಗುವ ವಿಮಾನದ ಟಿಕೆಟ್‌ಗಳೂ ಹೋದವು, ಹೊಸದು ಕೊಂಡೆವು. ಟೂರ್‌ನವರ ಮೇಲೆ ಗ್ರಾಹಕರ ಆಯೋಗಕ್ಕೆ ದೂರು ಕೊಟ್ಟಿದ್ದೇವೆ, ಕರಪತ್ರ ಜೋಪಾನವಾಗಿ ಇಟ್ಟುಕೊಂಡಿದ್ದರಿಂದ ಅದಕ್ಕೆ ಆಧಾರ ಸಿಕ್ಕಿತು. ನೀವೂ ಕರಪತ್ರ, ರಸೀದಿ, ವಾಟ್ಸಾಪ್ ಮಾತುಕತೆ ಯಾವುದನ್ನೂ ಅಳಿಸಬೇಡಿ.

ಇನ್ನು ನೀವು ಮಾಡಿಸಬೇಕಾದದ್ದು. ವಿಮಾ ಕಂಪನಿಯವರನ್ನು ಕೇಳುವಾಗ ಸುಮ್ಮನೆ ಇನ್ಶೂರೆನ್ಸ್ ಅನ್ನಬೇಡಿ, ವಿದೇಶ ಪ್ರವಾಸ ವಿಮೆ ಅನ್ನಿ. ಅದರಲ್ಲಿ ಕಾಯಿಲೆಗೂ ಆಸ್ಪತ್ರೆ ಖರ್ಚು ಇರಬೇಕು, ರೋಗಿಯನ್ನು ತುರ್ತಾಗಿ ಸಾಗಿಸುವ ಖರ್ಚು ಇರಬೇಕು, ಮೃತಪಟ್ಟರೆ ದೇಹ ಊರಿಗೆ ತರುವ ಖರ್ಚೂ ಇರಬೇಕು. ಕೇಳಲು ಅಪಶಕುನ ಅನ್ನಿಸಬಹುದು, ಆದರೂ ಕೇಳಿ. ಯಾತ್ರೆ ಎಷ್ಟು ಮೀಟರ್ ಎತ್ತರಕ್ಕೆ ಹೋಗುತ್ತದೆ ಎಂದು ಅವರಿಗೆ ಹೇಳಿ, ಅಷ್ಟು ಎತ್ತರದಲ್ಲಿ ಬಂದ ಕಾಯಿಲೆಗೂ ಕೊಡುತ್ತೀರಾ ಎಂದು ಇಮೇಲ್‌ನಲ್ಲಿ ಉತ್ತರ ಪಡೆಯಿರಿ. ಕೆಲವು ಪಾಲಿಸಿಗಳು ಚಾರಣವನ್ನು, ಇಂತಿಷ್ಟು ಎತ್ತರದ ಮೇಲಿನದನ್ನು ಹೊರಗಿಡುತ್ತವೆ. 2025ರಲ್ಲಿ ಮತ್ತೆ ಶುರುವಾದ ಕೈಲಾಸ ಮಾನಸ ಸರೋವರ ಯಾತ್ರೆಗೆ ಹೋಗುವವರಿಗಂತೂ ಇದು ಇನ್ನೂ ಮುಖ್ಯ. ಸರೋವರವೇ ಸುಮಾರು 4,590 ಮೀಟರ್ ಎತ್ತರದಲ್ಲಿದೆ, ಪರಿಕ್ರಮದ ಡೋಲ್ಮಾ ಕಣಿವೆಮಾರ್ಗ 5,600 ಮೀಟರ್ ದಾಟುತ್ತದೆ.

ಬಿಪಿ, ಸಕ್ಕರೆ ಕಾಯಿಲೆ, ಹಿಂದೆ ಹಾಕಿಸಿಕೊಂಡ ಸ್ಟೆಂಟ್, ಯಾವುದನ್ನೂ ಮುಚ್ಚಿಡಬೇಡಿ. ಪ್ರೀಮಿಯಂ ಸ್ವಲ್ಪ ಏರುತ್ತದೆ ಎಂದು ಮುಚ್ಚಿಟ್ಟರೆ ಕ್ಲೇಮ್ ತಿರಸ್ಕರಿಸಲು ಅವರಿಗೆ ಅದೇ ಸಾಕು. ಹಳೆಯ ಕಾಯಿಲೆಯಿಂದ ಬಂದ ತೊಂದರೆಗೆ ಅನೇಕ ಪಾಲಿಸಿಗಳು ಪ್ರಾಣಾಪಾಯದ ಸಂದರ್ಭದಲ್ಲಿ ಮಾತ್ರ, ಅದೂ ಒಂದು ಮಿತಿಯವರೆಗೆ ಕೊಡುತ್ತವೆ. ಆ ಮಿತಿ ಎಷ್ಟೆಂದು ನೋಡಿ. ವಯಸ್ಸಾದವರಿಗೆ ಕೋಣೆ ಬಾಡಿಗೆ, ಡಾಕ್ಟರ್ ಫೀಸಿಗೆ ಪ್ರತ್ಯೇಕ ಮಿತಿ ಹಾಕಿರುತ್ತಾರೆ, ಅದನ್ನೂ ನೋಡಿ. ಬಹುತೇಕ ಪಾಲಿಸಿಗಳನ್ನು ದೇಶ ಬಿಡುವ ಮೊದಲೇ ಕೊಳ್ಳಬೇಕು. ಕೆಲವರು ಪಾಸ್‌ಪೋರ್ಟ್ ನಂಬರ್ ಕೇಳುತ್ತಾರೆ, ಹಾಗಾಗಿ ವೋಟರ್ ಐಡಿಯಲ್ಲಿ ಹೋಗುವವರು ಮೊದಲೇ ವಿಚಾರಿಸಿ. ಒಂದು ವಾರದ ನೇಪಾಳ ಯಾತ್ರೆಗೆ ಈ ವಿಮೆಯ ಖರ್ಚು ಸಾವಿರದ ಲೆಕ್ಕದಲ್ಲಿ ಇರುತ್ತದೆಯೇ ಹೊರತು ಲಕ್ಷದ ಲೆಕ್ಕದಲ್ಲಲ್ಲ.

ವಿಮೆ ಇದ್ದವರೂ ಹೆಲಿಕಾಪ್ಟರ್ ಹತ್ತುವ ಮೊದಲು ಸಹಾಯವಾಣಿಗೆ ಫೋನ್ ಮಾಡಲೇಬೇಕು. ನೇಪಾಳದಲ್ಲಿ ಸಣ್ಣ ತಲೆನೋವಿಗೂ ಚಾರಣಿಗರನ್ನು ಹೆಲಿಕಾಪ್ಟರ್ ಹತ್ತಿಸಿ ವಿಮಾ ಕಂಪನಿಗಳಿಂದ ಹಣ ಹೊಡೆಯುವ ದೊಡ್ಡ ಹಗರಣ 2018ರಲ್ಲಿ ಬಯಲಾಗಿತ್ತು. ಅಲ್ಲಿಂದ ಬರುವ ಹೆಲಿಕಾಪ್ಟರ್ ಬಿಲ್ಲುಗಳನ್ನು ಕಂಪನಿಗಳು ಸಂಶಯದಿಂದಲೇ ನೋಡುತ್ತವೆ. ಡಾಕ್ಟರ್ ಬರೆದುಕೊಟ್ಟ ಚೀಟಿ, ಆಮ್ಲಜನಕದ ಪ್ರಮಾಣ ಬರೆದ ದಾಖಲೆ, ಮೂಲ ಬಿಲ್ಲುಗಳನ್ನು ಒಂದೇ ಕವರಿನಲ್ಲಿ ಇಡಿ. ಸಹಾಯವಾಣಿಯ ನಂಬರ್, ಪಾಲಿಸಿ ನಂಬರ್ ಎರಡನ್ನೂ ಕಾಗದದ ಮೇಲೆ ಬರೆದು ದೊಡ್ಡವರ ಜೇಬಿನಲ್ಲೂ ಜೊತೆಗಿರುವವರ ಜೇಬಿನಲ್ಲೂ ಇಡಿ, ಫೋನಿನ ಬ್ಯಾಟರಿ ಅಲ್ಲಿಯ ಚಳಿಗೆ ಬೇಗ ಹೋಗುತ್ತದೆ.

ಟೂರ್‌ನವರು ಪ್ಯಾಕೇಜ್‌ನಲ್ಲಿ ಸೇರಿದೆ ಎಂದರೆ ಹಣ ಕಟ್ಟುವ ಮೊದಲೇ ವಾಟ್ಸಾಪ್‌ನಲ್ಲಿ ಮೂರು ಪ್ರಶ್ನೆ ಕಳಿಸಿ: ನನ್ನ ಹೆಸರಿರುವ ಪಾಲಿಸಿ ಎಲ್ಲಿ, ಕಾಯಿಲೆಗೆ ಎಷ್ಟು ಮೊತ್ತ, ಹೆಲಿಕಾಪ್ಟರ್‌ಗೆ ಎಷ್ಟು. ಬರಹದಲ್ಲಿ ಉತ್ತರ ಬರದಿದ್ದರೆ ನೀವೇ ಬೇರೆ ಮಾಡಿಸಿಕೊಳ್ಳಿ.