ಬಳ್ಳಾರಿ ಧೂಳಲ್ಲಿ ಬ್ರಷ್ಡ್, ಬ್ರಷ್‌ಲೆಸ್: ಎರಡನ್ನೂ ಓಡಿಸಿ ನೋಡಿದೆ

ಇರೋದು ಒಂದೇ ಗಾಡಿ, 1/10 ಅಳತೆಯ ಫೋರ್ ವೀಲ್ ಡ್ರೈವ್ ಆರ್‌ಸಿ (ರಿಮೋಟ್ ಕಂಟ್ರೋಲ್) ಟ್ರಕ್. ಅದಕ್ಕೇ ಎರಡು ಮೋಟಾರ್ (ಒಳಗೆ ಇಂಗಾಲದ ಬ್ರಷ್ ಉಜ್ಜುವ ಬ್ರಷ್ಡ್, ಬ್ರಷ್ ಇಲ್ಲದ ಬ್ರಷ್‌ಲೆಸ್), ಎರಡು ಥರದ ಬ್ಯಾಟರಿ ಬದಲಿಸುತ್ತ ಜನವರಿಯಿಂದ ಮೇವರೆಗೆ ಭಾನುವಾರಗಳಲ್ಲಿ ಓಡಿಸಿದೆ. ಜೊತೆಗೆ ಅಕ್ಕನ ಮಗ. ಜಾಗ ಎರಡು: ಊರಾಚೆ ಖಾಲಿ ಲೇಔಟಿನ ಕೆಂಪು ಮಣ್ಣು, ಗುಡ್ಡದ ಬುಡದ ಬಂಡೆಗಳು.

ದುಡ್ಡು ಒಂದಕ್ಕೇ ಇದ್ದರೆ ಮೊದಲು ಬ್ಯಾಟರಿ ಬದಲಿಸಿ, ಮೋಟಾರ್ ಆಮೇಲೆ.

ನಿಕ್ಕಲ್ ಮೆಟಲ್ ಹೈಡ್ರೈಡ್ ಪ್ಯಾಕ್ ಆರು ಸೆಲ್ಲಿನದು, 7.2 ವೋಲ್ಟ್. ಎರಡು ಸೆಲ್ಲಿನ ಲಿಪೊ (ಲಿಥಿಯಂ ಪಾಲಿಮರ್) 7.4 ವೋಲ್ಟ್. ಬರೀ 0.2 ವೋಲ್ಟ್ ವ್ಯತ್ಯಾಸಕ್ಕೆ ಏನಾದೀತು ಅಂದುಕೊಂಡಿದ್ದೆ. ಮೀಟರ್ ಕಟ್ಟಿ ಥ್ರಾಟಲ್ ಒತ್ತಿದಾಗ ಗೊತ್ತಾಯಿತು: ಹಳೇ ಪ್ಯಾಕ್ 6.1ಕ್ಕೆ ಕುಸಿಯಿತು, ಲಿಪೊ 7.4ರಿಂದ ಕೆಳಗಿಳಿಯಲಿಲ್ಲ. ತೂಕದಲ್ಲೂ 390 ಗ್ರಾಂ ಇದ್ದದ್ದು 280ಕ್ಕೆ ಇಳಿಯಿತು. ಅದೇ ಹಳೇ ಬ್ರಷ್ಡ್ ಮೋಟಾರಿಗೆ 3000 ಎಂಎಎಚ್ ಪ್ಯಾಕಿನಲ್ಲಿ 15 ನಿಮಿಷ ಸಿಗುತ್ತಿತ್ತು, 5000ದ ಲಿಪೊದಲ್ಲಿ 22 ಸಿಕ್ಕಿತು, ಅದೂ ಐದನೇ ಒಂದು ಭಾಗ ಚಾರ್ಜ್ ಉಳಿಸಿಕೊಂಡು.

ಆದರೆ ಲಿಪೊಗೆ ನಮ್ಮ ಬಿಸಿಲು ಆಗದು. ಏಪ್ರಿಲ್ಲಿನಲ್ಲಿ ಫುಲ್ ಚಾರ್ಜ್ ಮಾಡಿದ ಒಂದು ಪ್ಯಾಕನ್ನು ಸ್ಕೂಟರ್ ಡಿಕ್ಕಿಯಲ್ಲಿ ಇಟ್ಟು ಮರೆತೆ. ಮಧ್ಯಾಹ್ನ ತೆಗೆದರೆ ಪೂರಿ ಹಾಗೆ ಉಬ್ಬಿತ್ತು, ಮೇಲಿನ ಹಾಳೆ ಬಿಗಿದು ಸುಕ್ಕೆಲ್ಲ ಮಾಯ. ಅದನ್ನು ಮತ್ತೆ ಚಾರ್ಜಿಗೆ ಹಾಕಲಿಲ್ಲ. ಈಗ ಓಡಿಸದ ವಾರ ಸೆಲ್ಲಿಗೆ 3.8 ವೋಲ್ಟಿನಲ್ಲಿ ಇಡುತ್ತೇನೆ. ಪ್ಯಾಕ್ ಪೂರ್ತಿ ತಣ್ಣಗಾದ ಮೇಲೆ ಕಡಪ ಕಲ್ಲಿನ ಮೇಲಿಟ್ಟು, ಪಕ್ಕದಲ್ಲೇ ಕೂತು ಚಾರ್ಜ್ ಮಾಡುತ್ತೇನೆ. ಹಳೇ ಇಎಸ್‌ಸಿಗಳಲ್ಲಿ (ಮೋಟಾರಿನ ವೇಗ ಹಿಡಿತದಲ್ಲಿಡುವ ಸರ್ಕ್ಯೂಟ್) ಲಿಪೊ ಕಟಾಫ್, ಅಂದರೆ ವೋಲ್ಟೇಜ್ ತೀರಾ ಇಳಿದಾಗ ತಾನೇ ನಿಲ್ಲಿಸುವ ವ್ಯವಸ್ಥೆ, ಇರುವುದಿಲ್ಲ. ಸೆಲ್ 3 ವೋಲ್ಟಿಗಿಂತ ಕೆಳಗೆ ಹೋದರೆ ಕೆಟ್ಟಿತೆಂದೇ ಲೆಕ್ಕ. ಪ್ಯಾಕಿನ ಬ್ಯಾಲೆನ್ಸ್ ಪ್ಲಗ್ಗಿಗೆ (ಪ್ರತಿ ಸೆಲ್ಲಿಗೂ ತಂತಿ ಇರುವ ಸಣ್ಣ ಪ್ಲಗ್) ಸಿಕ್ಕಿಸುವ ಸಣ್ಣ ಅಲಾರಂ ಬರುತ್ತದೆ, ದಯವಿಟ್ಟು ಹಾಕಿಕೊಳ್ಳಿ.

ಮೋಟಾರಿಗೆ ಬಂದರೆ, ಮಣ್ಣಿನಲ್ಲಿ ಬ್ರಷ್‌ಲೆಸ್‌ನದೇ ಮೇಲುಗೈ. ನನ್ನದು 3300 ಕೆವಿ, ಅಂದರೆ ಹೊರೆ ಇಲ್ಲದಾಗ ಒಂದು ವೋಲ್ಟಿಗೆ ನಿಮಿಷಕ್ಕೆ 3300 ಸುತ್ತು. 540 ಸೈಜಿನ 27 ಟರ್ನ್ (27 ಸುತ್ತು ತಂತಿಯ) ಬ್ರಷ್ಡ್ ಮೋಟಾರನ್ನು ಮೂರು ತಿಂಗಳಿಗೆ ಬಿಚ್ಚಿದಾಗ ಇಂಗಾಲದ ಬ್ರಷ್ ಅರ್ಧ ಸವೆದಿತ್ತು, ಬ್ರಷ್ ಉಜ್ಜುವ ಕಮ್ಯುಟೇಟರಿನ ತಾಮ್ರದ ಮೇಲೆ ಗೀರುಗಳು, ಡಬ್ಬಿಯ ತೂತಿನ ಸುತ್ತ ಅಂಟಿದ ಕಪ್ಪು ಹರಳು. ನಮ್ಮ ಮಣ್ಣಲ್ಲಿ ಅದಿರಿನ ಪುಡಿ, ಒಳಗಿರುವುದು ಅಯಸ್ಕಾಂತ. ಬ್ರಷ್‌ಲೆಸ್‌ನಲ್ಲಿ ಸವೆಯುವ ಬ್ರಷ್ಷೇ ಇಲ್ಲ, ಬೇರಿಂಗ್ ನೋಡಿಕೊಂಡರೆ ಸಾಕು. ಇಎಸ್‌ಸಿ ಮಾತ್ರ ಬೇರೆ ಕೊಳ್ಳಬೇಕು: ಬ್ರಷ್‌ಲೆಸ್‌ಗೆ ಮೂರು ವೈರು, ಬ್ರಷ್ಡ್‌ಗೆ ಎರಡು.

ಬ್ರಷ್‌ಲೆಸ್ ಹಾಕಿದ ಮೊದಲ ದಿನ 23 ಹಲ್ಲಿನ ಪಿನಿಯನ್ (ಮೋಟಾರ್ ದಂಡದ ಸಣ್ಣ ಗಿಯರ್) ಬದಲಿಸದೇ ಓಡಿಸಿದೆ. ಹತ್ತು ನಿಮಿಷಕ್ಕೆ ಥರ್ಮಾಮೀಟರ್ ಗನ್ 92 ಡಿಗ್ರಿ ತೋರಿಸಿತು. ಮೋಟಾರ್ ಅಷ್ಟು ಕಾದರೆ ರೋಟರಿನ (ತಿರುಗುವ ಭಾಗದ) ಅಯಸ್ಕಾಂತ ಬಲ ಕಳೆದುಕೊಳ್ಳಬಹುದು. 19 ಹಲ್ಲಿಗೆ ಇಳಿಸಿದ ಮೇಲೆ 68.

ಬಂಡೆ ಏರುವಾಗ ಲೆಕ್ಕ ತಿರುಗಿತು. ರೋಟರ್ ಎಲ್ಲಿದೆ ಎಂದು ತಿಳಿಸುವ ಸೆನ್ಸರ್ ಇಲ್ಲದ ಬ್ರಷ್‌ಲೆಸ್ ನಿಂತಲ್ಲಿಂದ ಹೊರಡುವಾಗ ತಡವರಿಸುತ್ತದೆ. ಚಕ್ರ ಬಿರುಕಿಗೆ ಸಿಕ್ಕಾಗ ಒಂದು ಬೆರಳಷ್ಟು ಮುಂದೆ ಹೋಗು ಅಂದರೆ ನಡುಗುತ್ತದೆ, ಇಲ್ಲ ಜಿಗಿಯುತ್ತದೆ. ಬ್ರಷ್ಡ್ ಮೋಟಾರ್ ಮೆಲ್ಲಗೆ ಹೆಜ್ಜೆ ಇಡುತ್ತದೆ. "ಮಾಮ, ಹಳೇದನ್ನೇ ಹಾಕು, ಇದು ಕಲ್ಲಿಗೆ ಬರಲ್ಲ," ಅಂದ ಹುಡುಗ. ಹಾಕಿದೆ. ಗಾಡಿ ಎದೆಯೆತ್ತರದ ಬಂಡೆಯ ತುದಿ ತಲುಪಿ, ಅಲ್ಲೇ ನಿಂತಿತು.