ಬೀಮ್‌ಎನ್‌ಜಿ ಡ್ರೈವ್: ಕಾಲ್ಪನಿಕ ಕಾರುಗಳು, ನೈಜ ಹಾನಿ

ನಿಜವಾದ ಬ್ರ್ಯಾಂಡ್‌ಗಳ ಕಾರುಗಳನ್ನು ರೇಸಿಂಗ್ ಆಟದಲ್ಲಿ ಬಳಸಲು ತಯಾರಕರ ಪರವಾನಗಿ ಬೇಕು; ತಮ್ಮ ಕಾರು ನಜ್ಜುಗುಜ್ಜಾಗುವುದನ್ನು ತೋರಿಸಲು ಅನೇಕ ತಯಾರಕರು ಒಪ್ಪದಿರುವುದರಿಂದ, ಅಂಥ ಆಟಗಳಲ್ಲಿ ಎಷ್ಟೇ ವೇಗವಾಗಿ ಗೋಡೆಗೆ ಗುದ್ದಿದರೂ ಬಂಪರ್ ಕಳಚಿ ಗಾಜು ಬಿರುಕು ಬಿಡುವುದಕ್ಕಷ್ಟೇ ಹಾನಿ ಸೀಮಿತವಾಗಿರುವುದು ಸಾಮಾನ್ಯ. 1997ರಲ್ಲಿ ಆರಂಭವಾದ ಗ್ರ್ಯಾನ್ ಟುರಿಸ್ಮೊ ಎಂಬ ರೇಸಿಂಗ್ ಆಟಗಳ ಸರಣಿಯ ಕಾರುಗಳು ಕಣ್ಣಿಗೆ ಕಾಣುವಂತೆ ಜಖಂಗೊಂಡದ್ದು 2010ರ ಐದನೆಯ ಆವೃತ್ತಿಯಲ್ಲಿ.

ಸ್ಟೀಮ್ ಎಂಬ ಆನ್‌ಲೈನ್ ಆಟದ ಮಳಿಗೆಯಲ್ಲಿ 2015ರಿಂದ ದೊರೆಯುತ್ತಿರುವ ಬೀಮ್‌ಎನ್‌ಜಿ ಡ್ರೈವ್ ಎಂಬ ಕಾರು ಚಾಲನೆಯ ಕಂಪ್ಯೂಟರ್ ಆಟ ಈ ಕಟ್ಟುಪಾಡಿನಿಂದಲೇ ಹೊರಗುಳಿದಿದೆ. ಗಾವ್ರಿಲ್, ಇಬಿಶು, ಹಿರೋಚಿ ಮುಂತಾದ ಇದರ ಬ್ರ್ಯಾಂಡ್‌ಗಳು ಕಾಲ್ಪನಿಕವಾದವು. ಪ್ರತಿಯೊಂದು ವಾಹನವನ್ನೂ ನೂರಾರು ಬಿಂದುಗಳು ಮತ್ತು ಅವುಗಳನ್ನು ಬೆಸೆಯುವ, ಬಾಗಬಲ್ಲ, ಮುರಿಯಬಲ್ಲ ಸಾವಿರಾರು ಕೊಂಡಿಗಳ ಜಾಲವಾಗಿ ಕಟ್ಟಿರುವುದರಿಂದ, ಪೆಟ್ಟು ಬಿದ್ದ ಕಡೆಗೆ, ಬಿದ್ದ ಬಲಕ್ಕೆ ತಕ್ಕಂತೆಯೇ ಲೋಹ ಬಾಗುತ್ತದೆ. ಕಾರಿನ ಮುಂಭಾಗ ಕಂಬಕ್ಕೆ ಬಡಿದಾಗ ಬಾನೆಟ್ ಮಡಚಿಕೊಂಡು ರೇಡಿಯೇಟರ್ ಒಡೆಯುತ್ತದೆ. ಹಾಗೆಯೇ ಓಡಿಸುತ್ತಾ ಹೋದರೆ ಎಂಜಿನ್ ಕಾದು ಕೊನೆಗೆ ಕೆಟ್ಟು ನಿಲ್ಲುತ್ತದೆ. ಚಕ್ರದ ಜೋಡಣೆ ಸೊಟ್ಟಗಾಗಿದ್ದರೆ, ಸ್ಟಿಯರಿಂಗ್ ನೇರವಾಗಿ ಹಿಡಿದರೂ ಕಾರು ಒಂದು ಪಕ್ಕಕ್ಕೆ ಎಳೆಯುತ್ತದೆ. ಹಾನಿಯೆಂಬುದು ಹೀಗೆ ಚಾಲನೆಯ ಭಾಗವಾಗುವುದೇ ನನ್ನ ದೃಷ್ಟಿಯಲ್ಲಿ ಈ ಆಟದ ಬಹುದೊಡ್ಡ ಸಾಧನೆ.

ಈ ಲೆಕ್ಕಾಚಾರಕ್ಕೆ ಪ್ರಬಲ ಪ್ರೊಸೆಸರ್ ಬೇಕು, ಮತ್ತು ಅಚ್ಚುಕಟ್ಟಾದ ರೇಸ್‌ಗಳನ್ನೇ ಬಯಸುವವರಿಗೆ ಇದು ಸಾಲದು. ಆದರೆ ಅಪಘಾತವು ಅಪಘಾತದಂತೆಯೇ ಇರಬೇಕೆನ್ನುವವರು ಪ್ರಸಿದ್ಧ ಲಾಂಛನಗಳ ಆಸೆ ಬಿಟ್ಟು ಇದನ್ನೇ ಕೊಳ್ಳಬೇಕು.