ಮುಂಬೈ ಮಳೆಯಲ್ಲಿ ದಿನಾ ಕೆಲಸಕ್ಕೆ ಯಾವ ಬೂಟು? ನನ್ನ ಓಟು ಸಾದಾ ಗಂಬೂಟಿಗೆ

ನೇರವಾಗಿ ಹೇಳಿಬಿಡುತ್ತೇನೆ. ಮುಂಬೈ ಮಳೆಗಾಲದಲ್ಲಿ ಹೊರಗೆ ಓಡಾಡಿ ಕೆಲಸ ಮಾಡುವವರು ಮಸೀದಿ ಬಂದರ್ ಹತ್ತಿರದ ನಾಗದೇವಿ ಸ್ಟ್ರೀಟಿಗೆ ಹೋಗಿ ಒಂದು ಸಾದಾ ಪಿವಿಸಿ ಗಂಬೂಟು ತೆಗೆದುಕೊಳ್ಳಿ. ಊರಲ್ಲಿ ಅಡಿಕೆ ತೋಟಕ್ಕೆ ಹಾಕುತ್ತಾರಲ್ವಾ, ಅದೇ ಜಾತಿಯದ್ದು. ಸಾವಿರ ರೂಪಾಯಿಯೊಳಗೆ ಮುಗಿಯುತ್ತದೆ. ವಾಟರ್‌ಪ್ರೂಫ್ ಅಂತ ಚೀಟಿ ನೇತುಹಾಕಿ ನಾಲ್ಕೈದು ಸಾವಿರಕ್ಕೆ ಮಾರುವ ಬೂಟು ಕೆಟ್ಟದ್ದು ಅಂತಲ್ಲ, ಆದರೆ ಅದು ಬೇರೆ ತರದ ಮಳೆಗೆ ಮಾಡಿದ್ದು.

ನನ್ನ ಕೆಲಸ ಏನು ಅಂತ ಹೇಳದಿದ್ದರೆ ಇದು ಅರ್ಥವಾಗುವುದಿಲ್ಲ. ಮಾಟುಂಗಾ, ಸಯನ್, ಚೆಂಬೂರು ಕಡೆಯ ನಮ್ಮವರ ಹೋಟೆಲುಗಳಿಗೆ ತರಕಾರಿ ಹಾಕುತ್ತೇನೆ. ಬೆಳಗಿನ ಜಾವ ವಾಶಿ ಮಾರ್ಕೆಟ್ಟಿನಲ್ಲಿ ಕೊಳೆತ ಸೊಪ್ಪು, ಕೆಸರು ತುಳಿಯಬೇಕು, ಆಮೇಲೆ ಜೋರು ಮಳೆ ಬಂದರೆ ಕಿಂಗ್ಸ್ ಸರ್ಕಲ್ಲಿನಲ್ಲಿ ನಿಂತ ನೀರಿಗಿಳಿದು ಮೂಟೆ ಹೊರಬೇಕು, ಕೊನೆಗೆ ಅದೇ ಕಾಲಲ್ಲಿ ಹೋಟೆಲಿನ ಹಿಂಬಾಗಿಲಿನಿಂದ ಎಣ್ಣೆ ಹಿಡಿದ ಟೈಲ್ಸ್ ಮೇಲೆ ನಡೆಯಬೇಕು. ಮೂರೂ ಕಡೆ ಒಂದೇ ಬೂಟು ನಡೆಯಬೇಕು.

ಇಲ್ಲಿ ನೀರು ಬೂಟಿನ ಚರ್ಮ ತೂರಿ ಬರುವುದು ಕಡಿಮೆ. ಮೇಲಿನಿಂದ ಸುರಿದುಕೊಂಡು ಬರುತ್ತದೆ. ಕಣಕಾಲು ಮುಚ್ಚುವಷ್ಟು ಎತ್ತರದ ಬೂಟಿಗೆ ಗೋರ್‌ಟೆಕ್ಸ್ ತರದ, ನೀರು ತಡೆದು ಬೆವರಿನ ಹಬೆ ಮಾತ್ರ ಹೊರಗೆ ಬಿಡುವ ಪೊರೆ ಎಷ್ಟೇ ಚೆನ್ನಾಗಿರಲಿ, ನೀರು ಬಾಯಿ ದಾಟಿ ಒಳಗೆ ಇಳಿದರೆ ಮುಗಿಯಿತು. ಹೊರಗಿನ ನೀರನ್ನು ತಡೆಯುವ ಪೊರೆಯೇ ಒಳಗೆ ಬಂದ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಒಳಗಿನ ಸ್ಪಂಜು, ಬಟ್ಟೆ ಎಲ್ಲ ನೆನೆದ ಮೇಲೆ ಜುಲೈ ತಿಂಗಳ ಮುಂಬೈ ಗಾಳಿಯಲ್ಲಿ ರಾತ್ರಿ ಕಳೆಯುವುದರೊಳಗೆ ಒಣಗುವುದು ಸುಳ್ಳು. ಬೆವರು ಹಬೆಯಾಗಿ ಹೊರಗೆ ಹೋಗುತ್ತದೆ ಅಂತಾರೆ. ನಿಜ, ಹೋಗುತ್ತದೆ, ಆದರೆ ಹೊರಗಿನ ಗಾಳಿ ಒಣಗಿದ್ದಾಗ. ಇಲ್ಲಿಯ ಗಾಳಿಯೇ ಒದ್ದೆ ಮಾರಾಯ್ರೆ. ನಮ್ಮ ಭಾವ ಬೈಕಿನಲ್ಲಿ ಕೊರಿಯರ್ ಹಾಕುತ್ತಾನೆ, ಅವನಿಗೆ ಅಂಥ ಬೂಟು ಸರಿಹೋಗಿದೆ. ಅವನಿಗೆ ಬೇಕಾದದ್ದು ಚಕ್ರದಿಂದ ಚಿಮ್ಮುವ ನೀರು ತಡೆಯುವುದು, ಗೇರಿಗೆ ಹಗುರವಾದ ಕಾಲು. ನಿಂತ ನೀರಿಗೆ ಅವನು ಇಳಿಯುವುದೇ ಇಲ್ಲ.

ಚರ್ಮದ ಬೂಟು ಬೇಕೇ ಬೇಕು ಅನ್ನುವವರು ಒಂದು ಮಾತು ಕೇಳಿ. ಹಿಮ್ಮಡಿ ಹತ್ತಿರ ಹಗುರವಾಗಿ, ಮೆತ್ತಗೆ ಇರುವ ತಳ ಹೆಚ್ಚಾಗಿ ಪಿಯು, ಅಂದರೆ ಪಾಲಿಯುರೆಥೇನ್. ಅದು ತೇವದ ಗಾಳಿಯಲ್ಲಿ ತಾನಾಗಿಯೇ ಶಿಥಿಲವಾಗುತ್ತದೆ, ಹಾಕದೆ ಪೆಟ್ಟಿಗೆಯಲ್ಲಿ ಇಟ್ಟರೂ ಕೂಡ. ಕೆಲವು ವರ್ಷ ಬಿಟ್ಟು ತೆಗೆದು ನಾಲ್ಕು ಹೆಜ್ಜೆ ಹಾಕಿದರೆ ತಳ ರಸ್ಕಿನ ಹಾಗೆ ಪುಡಿಪುಡಿ. ಆದ್ದರಿಂದ ಡಿಸ್ಕೌಂಟಿನಲ್ಲಿ ಹಳೇ ಸ್ಟಾಕ್ ಬಂದಿದೆ ಅಂದರೆ ತಯಾರಾದ ತಿಂಗಳು, ವರ್ಷ ನೋಡದೆ ದುಡ್ಡು ಕೊಡಬೇಡಿ.

ಈಗ ಗಂಬೂಟು. ನನ್ನದು ಹಿಲ್ಸನ್ ಕಂಪನಿಯದು, ಕಪ್ಪು, ಮೊಣಕಾಲಿನ ಕೆಳಗೆ ಬರುವಷ್ಟು ಎತ್ತರ. ಅಚ್ಚಿನಲ್ಲಿ ಎರಕ ಹೊಯ್ದು ಮಾಡುವುದರಿಂದ ಹೊಲಿಗೆಯೇ ಇಲ್ಲ, ನೀರು ಎಲ್ಲಿಂದ ಬರಬೇಕು? ಮಳೆಗಾಲ ಪೂರ್ತಿ ತುಳಿದರೂ ಸೋರಿಲ್ಲ. ಸಂಜೆ ಪೈಪಿನ ನೀರು ಹಾಯಿಸಿ ತೊಳೆದು, ಒಳಗಿನ ಅಟ್ಟೆ ಹೊರಗೆ ತೆಗೆದು, ಹಳೇ ಪೇಪರ್ ತುರುಕಿಟ್ಟರೆ ಬೆಳಿಗ್ಗೆಗೆ ಸಿದ್ಧ. ಕುಂದು ಇಲ್ಲವೇ ಅಂದರೆ ಇದೆ. ಭಾರ. ಸೆಕೆ. ಒಳಗೆ ಬೆವರು ನಿಲ್ಲುತ್ತದೆ. ಮಧ್ಯಾಹ್ನ ಸಾಕ್ಸ್ ಬದಲಾಯಿಸದೆ ದಿನವಿಡೀ ಹಾಕಿಕೊಂಡಿದ್ದರೆ ಬೆರಳ ಸಂದಿಯಲ್ಲಿ ತುರಿಕೆ ಗ್ಯಾರಂಟಿ. ಸಾಕ್ಸ್ ಉದ್ದದ್ದೇ ಇರಲಿ, ಇಲ್ಲದಿದ್ದರೆ ಬೂಟಿನ ಬಾಯಿ ಮೀನಖಂಡವನ್ನು ಉಜ್ಜಿ ಕೆಂಪು ಮಾಡುತ್ತದೆ.

ತಳದ ವಿಷಯದಲ್ಲಿ ಜನ ಹೆಚ್ಚು ಮೋಸ ಹೋಗುತ್ತಾರೆ. ದೊಡ್ಡ ದೊಡ್ಡ ಹಲ್ಲಿನ ತಳ ಕೆಸರಿಗೆ ಒಳ್ಳೆಯದು, ಆದರೆ ಒದ್ದೆ ಟೈಲ್ಸ್ ಮೇಲೆ ನೆಲಕ್ಕೆ ತಾಗುವ ಜಾಗವೇ ಕಡಿಮೆಯಾಗಿ ಜಾರುತ್ತದೆ. ಅಡುಗೆಮನೆ, ಮೀನು, ಹಾಲಿನ ಕೆಲಸ ಇರುವವರು ಸಣ್ಣ ಸಣ್ಣ ಗೆರೆಗಳಿರುವ, ಉಗುರು ಒತ್ತಿದರೆ ಸ್ವಲ್ಪ ತಗ್ಗುವ ಮೆತ್ತನೆಯ ತಳ ಕೇಳಿ. ಇನ್ನೊಂದು, ಸಾದಾ ಪಿವಿಸಿಗೆ ಎಣ್ಣೆ, ಜಿಡ್ಡು ಆಗುವುದಿಲ್ಲ. ಅದನ್ನು ಮೆತ್ತಗೆ ಇಟ್ಟಿರುವ ಅಂಶವನ್ನು ಎಣ್ಣೆ ನಿಧಾನವಾಗಿ ಎಳೆದುಕೊಳ್ಳುತ್ತದೆ, ಬೂಟು ಗಟ್ಟಿಯಾಗಿ ಕೊನೆಗೆ ಬೆರಳು ಮಡಿಯುವ ಜಾಗದಲ್ಲಿ ಬಿರುಕು ಬಿಡುತ್ತದೆ. ನೈಟ್ರೈಲ್, ಅಂದರೆ ಎಣ್ಣೆ ತಡೆಯುವ ಜಾತಿಯ ರಬ್ಬರ್, ಬೆರೆಸಿದ್ದು ಅಂತ ಕೇಳಿದರೆ ಅಂಗಡಿಯವನಿಗೆ ಗೊತ್ತಾಗುತ್ತದೆ, ಬೆಲೆ ಸ್ವಲ್ಪ ಜಾಸ್ತಿ. ಮೂಟೆ, ಗ್ಯಾಸ್ ಸಿಲಿಂಡರ್ ಎತ್ತುವವರು ಉಕ್ಕಿನ ಮೂತಿಯದ್ದೇ ತೆಗೆದುಕೊಳ್ಳಿ. ಐಎಸ್‌ಐ ಗುರುತು ನೋಡಿ. ಪಿವಿಸಿ ಬೂಟಿಗೆ ಐಎಸ್ 12254, ಸೇಫ್ಟಿ ಬೂಟಿಗೆ ಐಎಸ್ 15298.

ರಬ್ಬರೋ ಪಿವಿಸಿಯೋ ಅಂತ ಕೇಳುವವರಿದ್ದಾರೆ. ರಬ್ಬರ್ ಮೆತ್ತಗೆ, ಹಿಡಿತ ಚೆನ್ನ. ತೂತಾದರೆ ಪಂಕ್ಚರ್ ಅಂಗಡಿಯವನೂ ತೇಪೆ ಹಾಕಿಕೊಡುತ್ತಾನೆ. ಪಿವಿಸಿಗೆ ಆ ಸೊಲ್ಯೂಶನ್ ಹಿಡಿಯುವುದಿಲ್ಲ, ತೂತಾದರೆ ಬಿಸಾಡುವುದೇ. ಆದರೆ ರಬ್ಬರಿನ ಬೆಲೆ ನೋಡಿದರೆ ಪಿವಿಸಿಯನ್ನು ಬದಲಾಯಿಸುವುದೇ ವಾಸಿ ಅನ್ನಿಸುತ್ತದೆ.

ಅಂಗಡಿಗೆ ಸಂಜೆ ಹೋಗಿ. ದಿನವಿಡೀ ನಿಂತ ಕಾಲು ಸ್ವಲ್ಪ ಊದಿರುತ್ತದೆ, ಅದೇ ನಿಜವಾದ ಅಳತೆ. ಅರ್ಧ ನಂಬರ್ ಸಾಮಾನ್ಯವಾಗಿ ಇರುವುದಿಲ್ಲ, ನಡುವೆ ಸಿಕ್ಕಿಕೊಂಡರೆ ದೊಡ್ಡದು ತೆಗೆದುಕೊಂಡು ಒಂದು ಅಟ್ಟೆ ಹಾಕಿಸಿ. ಮೆಟ್ಟಿಲು ಹತ್ತಿ ಇಳಿದು ನೋಡಿ, ಹಿಮ್ಮಡಿ ಪ್ರತಿ ಹೆಜ್ಜೆಗೂ ಎದ್ದು ಬಂದರೆ ಬೇಡ. ಮನೆಗೆ ತಂದ ದಿನವೇ ಅಟ್ಟೆ ತೆಗೆದು ಒಳಗೆ ನೀರು ತುಂಬಿಸಿ ಪೇಪರ್ ಮೇಲೆ ನಿಲ್ಲಿಸಿ, ಸೋರಿದರೆ ಪೇಪರೇ ಹೇಳುತ್ತದೆ. ಬದಲಾಯಿಸಿ ಕೊಡುತ್ತೀರಾ ಅಂತ ದುಡ್ಡು ಕೊಡುವ ಮೊದಲೇ ಕೇಳಿಟ್ಟುಕೊಳ್ಳಿ.

ಬೂಟಿದೆ ಅಂತ ಧೈರ್ಯ ಜಾಸ್ತಿ ಬೇಡ. 2017ರ ಆಗಸ್ಟ್ 29ರ ಮಳೆಯಲ್ಲಿ ಈ ಊರಿನ ಹೆಸರಾಂತ ವೈದ್ಯರೊಬ್ಬರು ತೆರೆದ ಮ್ಯಾನ್‌ಹೋಲಿಗೆ ಬಿದ್ದು ತೀರಿಕೊಂಡರು. ನೀರು ತುಂಬಿದ ಗಂಬೂಟು ಕಲ್ಲಿನಷ್ಟು ಭಾರ. ಮೊಣಕಾಲು ದಾಟಿದ ನೀರಿಗೆ ಇಳಿಯಲೇ ಬೇಡಿ. ಕೊಳಕು ನೀರು ಬೂಟಿನೊಳಗೆ ಹೋಗಿದ್ದರೆ, ಅದರಲ್ಲೂ ಕಾಲಿನಲ್ಲಿ ಗಾಯ ಇದ್ದರೆ, ಇಲಿ ಜ್ವರದ ಭಯ ಇದೆ. 72 ಗಂಟೆಯೊಳಗೆ ಡಾಕ್ಟರನ್ನು ಕಂಡು ಮದ್ದು ಕೇಳಿ ಅಂತ ಪಾಲಿಕೆಯವರು ಮಳೆಗಾಲದಲ್ಲಿ ಹೇಳುವುದು ಸುಮ್ನೆ ಅಲ್ಲ.

ಅಂಗಡಿಗಳ ಮೇಲೆ ನನ್ನದೊಂದು ದೂರು ಇದೆ. ಹೆಂಗಸರ ಅಳತೆ ಸಿಗುವುದಿಲ್ಲ. ಹೋಟೆಲಿನಲ್ಲಿ ಪಾತ್ರೆ ತೊಳೆಯುವ, ತರಕಾರಿ ಹೆಚ್ಚುವ ಹೆಂಗಸರು ದಿನವಿಡೀ ನೀರಲ್ಲೇ ನಿಂತಿರುತ್ತಾರೆ, ಅವರಿಗೆ 4, 5 ನಂಬರಿನ ಬೂಟು ಕೇಳಿದರೆ 'ಆರ್ಡರ್ ಕೊಟ್ಟರೆ ತರಿಸುತ್ತೇವೆ' ಅನ್ನುತ್ತಾರೆ. ಹಾಗಾದರೆ ಆರ್ಡರ್ ಕೊಡಿ, ಮೇ ತಿಂಗಳಲ್ಲೇ ಕೊಡಿ. ಜೂನ್ ಹತ್ತಿರ ಬಂದ ಮೇಲೆ 7, 8 ನಂಬರಿನವೂ ಖಾಲಿ.